ಪೆಟ್ಟಿಗೆ ಸಿದ್ಧ, ಯಾತ್ರಿಕನೆಲ್ಲಿ?

ವಿಶ್ವ ಯುವ ದಿನದ ಅಂತರರಾಷ್ಟ್ರೀಯ ಸಮಾವೇಶವು 2027ರ ಆಗಸ್ಟ್ 3ರಿಂದ 8ರವರೆಗೆ ದಕ್ಷಿಣ ಕೊರಿಯಾದ ಸಿಯೋಲ್ ನಗರಕ್ಕೆ ನಿಗದಿಯಾಗಿದೆ. 1995ರ ಮನಿಲಾ ಸಮಾವೇಶದ ನಂತರ ಏಷ್ಯಾ ಖಂಡಕ್ಕೆ ಈ ಭಾಗ್ಯ ಒದಗುತ್ತಿರುವುದು ಎರಡನೆಯ ಬಾರಿ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಸುತ್ತಿನ ಕುಟುಂಬಗಳ ಯುವಕ ಯುವತಿಯರೂ ಅಲ್ಲಿಗೆ ಹೋಗಬಯಸುವುದು ಸಂತೋಷದ ಸಂಗತಿಯೇ. ಇಂಥ ಯಾತ್ರೆಗೆ ಮುನ್ನ ಶನಿವಾರ, ಭಾನುವಾರಗಳಲ್ಲಿ ತಯಾರಿ ಶಿಬಿರ ಏರ್ಪಡಿಸುವುದು ವಾಡಿಕೆ. ನನ್ನ ತಕರಾರು ಇರುವುದು ಯಾತ್ರೆಯ ಬಗ್ಗೆ ಅಲ್ಲ, ಆ ಎರಡು ದಿನಗಳ ಬಗ್ಗೆ.

ಆ ಎರಡು ದಿನ ಏನನ್ನು ಕಲಿಸುತ್ತೇವೆ? ವೀಸಾ ಅರ್ಜಿ, ಪೆಟ್ಟಿಗೆಯ ತೂಕ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಧ್ವಜ ಹಿಡಿದು ಕುಣಿಯುವ ಹೆಜ್ಜೆ, ಅಲ್ಲಿನ ಹವಾಮಾನ, ಊಟ. ಇವು ಬೇಡವೆಂದು ಯಾರೂ ಹೇಳಲಾರರು. ಪಾಸ್‌ಪೋರ್ಟು ಮರೆತವನು ವಿಮಾನ ಹತ್ತಲಾರ. ಆದರೆ ಟ್ರಾವೆಲ್ ಏಜೆನ್ಸಿಯವರು ಅರ್ಧ ದಿನದಲ್ಲಿ ಹೇಳಿಕೊಡುವ ಸಂಗತಿಗಳಿಗಾಗಿ ಧರ್ಮಸಭೆಯು ಎರಡು ದಿನಗಳನ್ನು ವ್ಯಯಿಸಬೇಕೆ? ಇಂಥ ಶಿಬಿರವು ಒಳ್ಳೆಯ ಪ್ರವಾಸಿಗನನ್ನು ಸಿದ್ಧಗೊಳಿಸಬಹುದು. ಯಾತ್ರಿಕನನ್ನು ಅಲ್ಲ.

ನಮ್ಮ ಮಕ್ಕಳು ಕಾಣಲಿರುವ ಕೊರಿಯಾದ ಧರ್ಮಸಭೆಯ ಹುಟ್ಟನ್ನೇ ನೋಡಿ. ಅಲ್ಲಿಗೆ ಕ್ರಿಸ್ತನ ಹೆಸರು ಮೊದಲು ತಲುಪಿದ್ದು ಗುರುಗಳ ಬಾಯಿಂದಲ್ಲ. ಚೀನಾದಿಂದ ಬಂದ ಗ್ರಂಥಗಳನ್ನು ಓದಿ ಚರ್ಚಿಸಿದ ಶ್ರೀಸಾಮಾನ್ಯ ವಿದ್ವಾಂಸರೇ ವಿಶ್ವಾಸದ ದೀಪವನ್ನು ಹೊತ್ತಿಸಿದರು. ಅವರ ಪೈಕಿ ಯಿ ಸುಂಗ್‌ಹುನ್ 1784ರಲ್ಲಿ ಬೀಜಿಂಗ್‌ನಲ್ಲಿ ದೀಕ್ಷಾಸ್ನಾನ ಪಡೆದು ಹಿಂದಿರುಗಿದರು. ಅಲ್ಲಿಂದ ಸುಮಾರು ಹತ್ತು ವರ್ಷ ಆ ಪುಟ್ಟ ಸಮುದಾಯಕ್ಕೆ ಗುರುಗಳೇ ಇರಲಿಲ್ಲ. 1836ರಲ್ಲಿ ಮೂವರು ಕೊರಿಯನ್ ಹುಡುಗರು ಗುರುದೀಕ್ಷೆಯ ಆಸೆಯಿಂದ ಮನೆ ಬಿಟ್ಟು, ಚೀನಾ ದೇಶವನ್ನು ಉದ್ದಕ್ಕೂ ಹಾದು, ಮರುವರ್ಷ ಮಕಾವೊ ತಲುಪಿದರು. ಅವರಲ್ಲೊಬ್ಬ ಅಲ್ಲಿಯೇ ತೀರಿಕೊಂಡ. ಇನ್ನೊಬ್ಬ ಕಿಮ್ ತೇಗನ್ ಆಂಡ್ರೂ, ಕೊರಿಯಾದ ಮೊದಲ ಗುರು. 1845ರಲ್ಲಿ ಗುರುದೀಕ್ಷೆ, 1846ರಲ್ಲಿ ವೇದಸಾಕ್ಷಿ ಮರಣ. ಆಗ ಅವರಿಗೆ 25ರ ಪ್ರಾಯ. 1984ರಲ್ಲಿ ಎರಡನೇ ಜಾನ್ ಪಾಲ್ ಜಗದ್ಗುರುಗಳು ಸಿಯೋಲ್‌ನಲ್ಲಿಯೇ ಅವರನ್ನೂ ಇತರ 102 ವೇದಸಾಕ್ಷಿಗಳನ್ನೂ ಸಂತರೆಂದು ಘೋಷಿಸಿದರು. ಈ ಕಥೆ ತಿಳಿಯದೆ ಸಿಯೋಲ್‌ನ ಬೀದಿಯಲ್ಲಿ ಎಷ್ಟು ಕುಣಿದರೇನು?

ಇನ್ನೊಂದು ಮಾತು. ಸಮಾವೇಶಕ್ಕೆ ಮೊದಲು ಯಾತ್ರಿಕರು ಅಲ್ಲಿನ ಧರ್ಮಪ್ರಾಂತ್ಯಗಳಲ್ಲಿ ಕೆಲವು ದಿನ ಅತಿಥಿಗಳಾಗಿ ತಂಗುವುದು ರೂಢಿ. ಮನೆಯಾಕೆ ಅನ್ನ ಬಡಿಸುತ್ತಾ, “ನಿಮ್ಮ ಊರು ಯಾವುದು? ನಿಮ್ಮ ಭಾಷೆಯಲ್ಲಿ ಒಂದು ಹಾಡು ಹಾಡಿ” ಎಂದರೆ ನಮ್ಮ ಹುಡುಗರು ಏನು ಮಾಡುವರು? ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಸಂಕಟದ ತರುವಾಯ ಬೆಳೆದ ಬಡಾವಣೆಗಳೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಶಿಬಿರವನ್ನೆಲ್ಲ ಇಂಗ್ಲಿಷಿನಲ್ಲಿಯೇ ನಡೆಸಿ, ಕನ್ನಡದ ಮಕ್ಕಳನ್ನು ಹಿಂದಿನ ಸಾಲಿನಲ್ಲಿ ಮೂಕರಾಗಿ ಕೂರಿಸಿದರೆ ಆ ಹಾಡು ಎಲ್ಲಿಂದ ಬರಬೇಕು?

ಆದ್ದರಿಂದ ನನ್ನ ಸಲಹೆ ಇಷ್ಟು. ಶನಿವಾರ ಬೆಳಿಗ್ಗೆ ಕಾಗದಪತ್ರಗಳ ಕೆಲಸ ಮುಗಿಯಲಿ. ಮಧ್ಯಾಹ್ನ ಧರ್ಮಕೇಂದ್ರದ ಹಿರಿಯರು ತಮ್ಮ ದೇವಾಲಯದ, ತಮ್ಮ ಬೀದಿಯ ಚರಿತ್ರೆಯನ್ನು ಕನ್ನಡದಲ್ಲಿ ಹೇಳಲಿ. ಸಂಜೆ ತಂತಮ್ಮ ಚೀಲ ಹೊತ್ತು ಎಲ್ಲರೂ ವಿಕ್ಟೋರಿಯಾ ಆಸ್ಪತ್ರೆಯತ್ತ ನಡೆಯಲಿ. 1900ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆಗೆ ಇಂದಿಗೂ ದೂರದ ಹಳ್ಳಿಗಳಿಂದ ರೋಗಿಗಳು ಬರುತ್ತಾರೆ. ಅವರ ಬಂಧುಗಳು ಹೊರಗೆ ಚಾಪೆ ಹಾಸಿ ಮಲಗುತ್ತಾರೆ. ಯುವ ದಿನದ ಜಾಗರಣೆಯ ರಾತ್ರಿ ಯಾತ್ರಿಕರು ಬಯಲಲ್ಲಿ ಮಲಗುವುದನ್ನು ನಾವು ಸಾಹಸವೆಂದು ಕೊಂಡಾಡುತ್ತೇವೆ. ಇಲ್ಲಿ ಮಲಗಿದವರಿಗೆ ಅದು ಸಾಹಸವಲ್ಲ, ಗತಿ. ಅವರು ನಮ್ಮ ಪಾಠದ ಸಾಮಗ್ರಿಗಳೂ ಅಲ್ಲ. ಆದ್ದರಿಂದ ಫೋಟೋ ಬೇಡ, ಬ್ಯಾನರು ಬೇಡ. ವೈದ್ಯರ ಚೀಟಿಯನ್ನು ಓದಿ ಹೇಳುವುದು, ಔಷಧದ ಅಂಗಡಿ ತೋರಿಸುವುದು, ಒಂದು ಲೋಟ ಬಿಸಿನೀರು ತಂದುಕೊಡುವುದು ಸಾಕು. ಅಪರಿಚಿತರ ಬಳಿ ಕುಳಿತು ಕೇಳುವುದನ್ನು ಇಲ್ಲಿ ಕಲಿಯದವರು ಕೊರಿಯಾದಲ್ಲಿ ಕಲಿತಾರೆಯೇ?

“ಇಷ್ಟು ಕಠಿಣವಾದರೆ ಯುವಜನರು ಬರುವುದಿಲ್ಲ” ಎಂಬ ಆಕ್ಷೇಪ ಬರುತ್ತದೆ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಕಾವಿಯುಟ್ಟು ಶಿವಾಜಿನಗರದ ಬೆಸಿಲಿಕಾಗೆ ಬರುವವರನ್ನು ನೋಡಿದವರು ಈ ಮಾತನ್ನು ಹೇಳಲಾರರು. ಅವರಲ್ಲಿ ಯುವಜನರು ಕಡಿಮೆಯೇನಿಲ್ಲ. ಕಷ್ಟಕ್ಕೆ ಅಂಜುವವರು ಅವರಲ್ಲ. ಕಷ್ಟ ಕೊಡಲು ಅಂಜುವವರು ನಾವು.

ಕೊನೆಯದಾಗಿ ಹಣದ ಮಾತು. ವರ್ಷಗಟ್ಟಲೆ ಗಾಯನವೃಂದದಲ್ಲಿ ಹಾಡಿದ ಬಡ ಮನೆಯ ಹುಡುಗಿ ವಿಮಾನದ ದರ ಕೇಳಿಯೇ ಹಿಂದೆ ಸರಿಯುತ್ತಾಳೆ. ಹಣವುಳ್ಳವರ ಮಗ ದೇವಾಲಯದ ಮೆಟ್ಟಿಲು ಹತ್ತದಿದ್ದರೂ ಹೊರಡುತ್ತಾನೆ. ಬಲಿಪೂಜೆಯ ನಂತರ ಎಲ್ಲರಿಂದ ಕಾಣಿಕೆ ಎತ್ತಿ, ಕೊಡಬಲ್ಲವರನ್ನೇ ಕಳುಹಿಸುವುದು ನ್ಯಾಯವಲ್ಲ. ಶಿಬಿರವು ಎಲ್ಲ ಯುವಜನರಿಗೂ ತೆರೆದಿರಲಿ. ಅದು ಮುಗಿದ ಮೇಲೆ ಆಯ್ಕೆಯಾಗಲಿ. ಅರ್ಹರ ಖರ್ಚನ್ನು ಧರ್ಮಕೇಂದ್ರ ಭರಿಸಲಿ. ಹೋಗಿ ಬಂದವರು ಒಂದು ವರ್ಷ ಮಕ್ಕಳಿಗೆ ಧರ್ಮೋಪದೇಶ ತರಗತಿ ನಡೆಸಲು ಒಪ್ಪಿಕೊಳ್ಳಲಿ.

ತಂದೆತಾಯಂದಿರೇ, ಯಾತ್ರೆಯ ಪ್ರಕಟಣೆಯನ್ನು ದೇವಾಲಯದಲ್ಲಿ ಓದಿದ ದಿನ ಎರಡೇ ಪ್ರಶ್ನೆ ಕೇಳಿ: ಆ ಎರಡು ದಿನ ನಮ್ಮ ಮಕ್ಕಳಿಗೆ ಏನು ಕಲಿಸುತ್ತೀರಿ? ಹಣವಿಲ್ಲದ ಮಗುವಿಗೆ ಏನು ದಾರಿ? ಉತ್ತರ ಬರುವವರೆಗೆ ಟೀ ಶರ್ಟಿನ ಅಳತೆ ಕೊಡಬೇಡಿ.