ಮರದ ರೆಕ್ಕೆ, ಗಾಜಿನ ನಾರಿನ ಮೂಗು

ಇಚಲಕರಂಜಿಯ ಓದುಗರೊಬ್ಬರು ನಮಗೊಂದು ಅಪರೂಪದ ಪ್ರಶ್ನೆಯನ್ನು ಬರೆದು ಕಳಿಸಿದ್ದಾರೆ. ಇಂಜಿನಿಯರಿಂಗ್ ಓದುತ್ತಿರುವ ಅವರ ಮಗ ರೇಡಿಯೊ ನಿಯಂತ್ರಿತ ಮಾದರಿ ವಿಮಾನವೊಂದನ್ನು ಕಟ್ಟುತ್ತಿದ್ದಾನೆ. ಬಾಲ್ಸಾ ಮರದ ರೆಕ್ಕೆಯ ಮೇಲೆ ಬಣ್ಣದ ಫಿಲ್ಮು ಹಲಗೆಯ ಚರ್ಮದಂತೆ ಬಿಗಿಯಾಗಿ ಕುಳಿತಿತು. ಅದೇ ಫಿಲ್ಮನ್ನು ಫೈಬರ್‌ಗ್ಲಾಸಿನ ಎಂಜಿನ್ ಮುಸುಕಿಗೂ ಚಕ್ರದ ಕವಚಗಳಿಗೂ ಹಚ್ಚಿದಾಗ ಹಪ್ಪಳದಂತೆ ಗುಳ್ಳೆಯೆದ್ದು, ಎರಡೇ ದಿನಗಳಲ್ಲಿ ಅಂಚು ಬಿಟ್ಟಿತು. ಹಣವೂ ಹುಡುಗನ ಉತ್ಸಾಹವೂ ವ್ಯರ್ಥವಾಗುತ್ತಿರುವಾಗ ಈ ಹವ್ಯಾಸವನ್ನು ಬಿಡಿಸುವುದೇ ಲೇಸೇ ಎಂಬುದು ತಂದೆಯವರ ಪ್ರಶ್ನೆ.

ಬಿಡಿಸಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ತೊಡಕಿನ ಕಾರಣವನ್ನು ತಿಳಿಯದೆ ಹಾರಿಸುವುದೂ ಸಲ್ಲದು. ಇದು ಅಂದದ ಮಾತು ಮಾತ್ರವಲ್ಲ. ಗಾಳಿಯಲ್ಲಿ ಕಿತ್ತುಬಂದ ಫಿಲ್ಮಿನ ತುಣುಕು ಚಲಿಸುವ ಭಾಗಕ್ಕೆ ಸಿಕ್ಕಿಕೊಂಡರೆ ವಿಮಾನವು ಹತೋಟಿ ತಪ್ಪಿ, ಕೆಳಗೆ ನಿಂತವರ ಮೇಲೆ ಬೀಳಬಹುದು.

ಈ ಪುಟ್ಟ ವಿಮಾನದಲ್ಲಿ ಎರಡು ಕಾಲದ ವಿದ್ಯೆಗಳು ಒಟ್ಟುಗೂಡಿವೆ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ನಿರ್ಮಿಸಿ, 1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ವಿಮಾನದ ಮೈ ಬಟ್ಟೆಯದು. ಚೌಕಟ್ಟಿನ ಮೇಲೆ ಬಟ್ಟೆಯನ್ನು ಹೊದಿಸಿ, ಡೋಪ್ ಎಂಬ ದ್ರವವನ್ನು ಬಳಿದು ಬಿಗಿಗೊಳಿಸುವುದು ಅಂದಿನ ಪದ್ಧತಿ. ಅದೇ ನಗರದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ರೂಪಿಸಿ, 1993ರಲ್ಲಿ ಮೊದಲು ಹಾರಿದ ‘ಹಂಸ’ದ ಮೈಯಾದರೋ ಗಾಜಿನ ನಾರು ಮತ್ತು ರಾಳದಿಂದ ಎರಕಗೊಂಡದ್ದು. ಅದಕ್ಕೆ ಹೊದಿಕೆ ಬೇಡ, ಬಣ್ಣ ಸಾಕು. ಹುಡುಗನ ರೆಕ್ಕೆ ಪುಷ್ಪಕದ ಜಾತಿಯದು, ಮೂಗು ಹಂಸದ ಜಾತಿಯದು. ಒಂದರ ಉಪಚಾರವನ್ನು ಇನ್ನೊಂದಕ್ಕೆ ಮಾಡಿದುದರಿಂದಲೇ ತೊಡಕು ಹುಟ್ಟಿತು.

ನೇಕಾರರ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಫೈಬರ್‌ಗ್ಲಾಸ್ ಎಂದರೆ ಹಾಸುಹೊಕ್ಕಾಗಿ ನೇಯ್ದ ಗಾಜಿನ ಬಟ್ಟೆಯೇ. ಅದನ್ನು ಅಚ್ಚಿನಲ್ಲಿ ಹಾಸಿ, ರಾಳವನ್ನು ಕುಡಿಸಿ ಗಟ್ಟಿಗೊಳಿಸುತ್ತಾರೆ. ರಾಳವು ಎಳೆಗಳ ನಡುವಣ ಸಂದುಗಳನ್ನೆಲ್ಲ ತುಂಬುವುದರಿಂದ ಆ ಮೈಯಲ್ಲಿ ಗಾಳಿಯಾಡದು. ಬಾಲ್ಸಾ ಮರವಾದರೆ ತನ್ನ ರಂಧ್ರಗಳಲ್ಲಿ ಒಂದಿಷ್ಟು ಗಾಳಿಯನ್ನು ಹೀರಿಕೊಳ್ಳುತ್ತದೆ. ಫಿಲ್ಮು ತೆಳುವಾದ ಪ್ಲಾಸ್ಟಿಕ್ ಹಾಳೆ. ಅದರ ಬೆನ್ನಿಗೆ ಶಾಖದಿಂದ ಕರಗುವ ಅಂಟಿದೆ, ಹೆಚ್ಚು ಶಾಖ ತಗುಲಿದರೆ ಹಾಳೆಯೇ ಕುಗ್ಗುತ್ತದೆ. ಅದರ ಕೆಳಗೆ ಸಿಕ್ಕ ಗಾಳಿಯು ಫೈಬರ್‌ಗ್ಲಾಸಿನ ಮೇಲೆ ದಾರಿ ಕಾಣದೆ, ಇಸ್ತ್ರಿಯ ಬಿಸಿಗೆ ಹಿಗ್ಗಿ ಗುಳ್ಳೆಯಾಗುತ್ತದೆ.

ಎರಡನೆಯ ಕಾರಣ ಮೇಣ. ಎರಕವು ಅಚ್ಚಿನಿಂದ ಸುಲಭವಾಗಿ ಬಿಡಲೆಂದು, ದೋಸೆಯ ಕಾವಲಿಗೆ ಎಣ್ಣೆ ಸವರುವಂತೆ, ಅಚ್ಚಿಗೆ ಮೇಣವನ್ನು ಸವರಿರುತ್ತಾರೆ. ಅದರ ಪಸೆ ಉಳಿದ ಮೈಗೆ ಯಾವ ಅಂಟೂ ಹಿಡಿಯದು. ಆದುದರಿಂದ ಮೊದಲು ಸಾಬೂನು ನೀರಿನಿಂದ ತೊಳೆದು ಒಣಗಿಸಿ, ಸ್ಪಿರಿಟ್ ಅಥವಾ ಅಸಿಟೋನ್ ಅದ್ದಿದ ಬಿಳಿಯ ಬಟ್ಟೆಯಿಂದ ಒರೆಸಬೇಕು. ಅನಂತರವೇ 320 ಅಥವಾ 400ರ ನಯವಾದ ಪಾಲಿಶ್ ಪೇಪರಿನಿಂದ ಹೊಳಪು ಅಳಿಯುವಷ್ಟು ತಿಕ್ಕಬೇಕು. ಈ ಕ್ರಮವನ್ನು ತಿರುಗಿಸಿದರೆ ಮೇಣವು ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಸೂಜಿಮೊನೆಯಷ್ಟು ತೂತುಗಳಿದ್ದರೆ ಪುಟ್ಟಿಯಿಂದ ಮುಚ್ಚಿ, ಧೂಳನ್ನು ಒರೆಸಿ, ಪೂರ್ತಿ ಒಣಗಲು ಬಿಡಬೇಕು. ನಮ್ಮ ಕೋವಾಡದಂತಹ ಚಂದಗಡ ಸೀಮೆಯ ಮಳೆಗಾಲದಲ್ಲಿ ಇದಕ್ಕೆ ಒಂದು ದಿನ ಹೆಚ್ಚು ಹಿಡಿದರೂ ಕಾಯುವುದೇ ಲೇಸು.

ಇನ್ನು ಹಚ್ಚುವ ರೀತಿ. ಮುಖ್ಯ ವ್ಯತ್ಯಾಸವಿರುವುದು ಇಲ್ಲಿಯೇ. ಮರದ ರೆಕ್ಕೆಯ ಚೌಕಟ್ಟಿಗೆ ಮೊದಲು ನಾಲ್ಕೂ ಅಂಚುಗಳನ್ನು ಅಂಟಿಸಿ, ಅನಂತರ ನಡುವಣ ಫಿಲ್ಮನ್ನು ಕುಗ್ಗಿಸುತ್ತಾರೆ. ಫೈಬರ್‌ಗ್ಲಾಸಿಗೆ ಹಾಗೆ ಮಾಡಿದರೆ ಗಾಳಿಯನ್ನು ಒಳಗೆ ಕೂಡಿಹಾಕಿದಂತೆ. ಇಲ್ಲಿ ನಡುವಿನಿಂದ ಆರಂಭಿಸಿ, ಇಸ್ತ್ರಿಯ ಹಿಂದೆಯೇ ಮೆತ್ತನೆಯ ಬಟ್ಟೆಯಿಂದ ಒತ್ತುತ್ತ, ಗಾಳಿಯನ್ನು ಹೊರಕ್ಕೆ ದೂಡುತ್ತ ಸಾಗಬೇಕು, ಅಂಚು ಕೊನೆಗೆ. ಶಾಖವು ಅಂಟು ಕರಗುವಷ್ಟೇ ಇರಲಿ. ಹೆಚ್ಚಾದರೆ ರಾಳವೇ ಮೆತ್ತಗಾಗಿ, ತೆಳುವಾದ ಎರಕ ಸೊಟ್ಟಗಾಗುತ್ತದೆ. ಇಸ್ತ್ರಿಯನ್ನು ಒಂದೆಡೆ ನಿಲ್ಲಿಸಲಾಗದು. ಮೊದಲು ಎರಕದ ತುಂಡೊಂದರ ಮೇಲೆ ಪರೀಕ್ಷಿಸುವುದು ಜಾಣತನ.

ಮೂಗಿನಂತೆ ಎರಡೂ ದಿಕ್ಕಿಗೆ ಬಾಗಿದ ಭಾಗಕ್ಕೆ ಒಂದೇ ಹಾಳೆ ನೆರಿಗೆಯಿಲ್ಲದೆ ಕೂರುವುದು ಕಷ್ಟ. ಕಿರಿದಾದ ಪಟ್ಟಿಗಳನ್ನು, ಹೆಂಚು ಹೊದಿಸುವಂತೆ, ಒಂದರ ಮೇಲೊಂದು ಸ್ವಲ್ಪ ಏರಿಸಿ ಹಚ್ಚಬೇಕು. ಹಿಂದಿನ ಪಟ್ಟಿ ಮೊದಲು, ಮುಂದಿನದು ಅದರ ಮೇಲೆ. ಆಗ ಎದುರುಗಾಳಿಯು ಅಂಚಿನೊಳಗೆ ನುಗ್ಗದು. ಬಾಗು ತೀರ ಹೆಚ್ಚಿರುವಲ್ಲಿ ಹಂಸದ ಮಾರ್ಗವನ್ನೇ ಹಿಡಿದು, ಫಿಲ್ಮಿನ ಬಣ್ಣಕ್ಕೆ ಹೊಂದುವ ಪೇಂಟು ಹಚ್ಚುವುದು ಸೋಲಲ್ಲ, ವಿವೇಕ. ಆದರೆ ದಪ್ಪಗೆ ಬಳಿಯಬಾರದು. ಮೂಗಿನ ತೂಕ ಹೆಚ್ಚಿದರೆ ಇಡೀ ವಿಮಾನದ ಸಮತೋಲ ಬದಲಾಗುತ್ತದೆ.

ತಾಯಂದಿರಿಗೂ ಒಂದು ಮಾತು. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುವ ವಸ್ತು. ಅಡುಗೆಮನೆಯಲ್ಲಾಗಲಿ ದೇವರ ದೀಪದ ಬಳಿಯಲ್ಲಾಗಲಿ ಅದರ ಸೀಸೆಯನ್ನು ತೆರೆಯಗೊಡಬೇಡಿರಿ. ಗಾಜಿನ ನಾರಿನ ಧೂಳು ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು. ತಿಕ್ಕುವ ಕೆಲಸವು ಅಂಗಳದಲ್ಲಿ, ಕಾಗದವನ್ನು ನೀರಲ್ಲಿ ಅದ್ದಿಕೊಂಡು, ಮುಖಕ್ಕೆ ಮಾಸ್ಕ್ ಧರಿಸಿ ನಡೆಯಲಿ. ಹಾರಿಸುವುದಕ್ಕೆ ಜನರಿಲ್ಲದ, ಭತ್ತ ಕೊಯ್ದ ಬಯಲು ಒಳ್ಳೆಯದು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳನ್ನೂ ಒಳಗೊಂಡಿವೆ. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಕೊಲ್ಲಾಪುರದ ಉಜಳಾಯಿವಾಡಿ, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಗಳ ಆಸುಪಾಸಿನವರು ನಿರ್ಬಂಧದ ನಕ್ಷೆಯನ್ನು ನೋಡಿಯೇ ಹೊರಡಬೇಕು.

ಪತ್ರ ಬರೆದ ತಂದೆಯವರಿಗೆ ಕೊನೆಯ ಸೂಚನೆ: ಕೆಟ್ಟಿರುವುದು ಫಿಲ್ಮಿನ ಎರಡು ಗೇಣು ಮಾತ್ರ. ಅದನ್ನು ಮೆಲ್ಲಗೆ ಬಿಸಿ ಮಾಡಿ ಎಳೆದರೆ ಬಿಟ್ಟುಬರುತ್ತದೆ. ಉಳಿದ ಅಂಟನ್ನು ಒರೆಸಿದರೆ ಎರಕ ಮೊದಲಿನಂತೆಯೇ. ಬರುವ ಭಾನುವಾರ ತಾವೂ ಮಗನ ಪಕ್ಕದಲ್ಲಿ ಕುಳಿತು, ಅವನು ಇಸ್ತ್ರಿ ಹಿಡಿದಾಗ ಒತ್ತುವ ಬಟ್ಟೆಯನ್ನು ಹಿಡಿಯಿರಿ. ಈ ಕೆಲಸಕ್ಕೆ ನಾಲ್ಕು ಕೈಗಳಿದ್ದರೆ ಒಳ್ಳೆಯದು.