ಕಾಪಿ ಆಯ್ತು ಅಂದ್ರೆ ಕೆಲಸ ಮುಗೀತಾ?

1/8
"ಎಲ್ಲಾ ಕಾಪಿ ಆಗೈತೆ ಸಾರ್, ಆರಾಮಾಗಿ ತಗೊಂಡ್ ಹೋಗಿ."

ಚಳ್ಳಕೆರೆ ಆಗ್ಲಿ ಮೊಳಕಾಲ್ಮೂರು ಆಗ್ಲಿ, ಹಳೇ ಕಂಪ್ಯೂಟರ್ ಕೊಟ್ಟು ಹೊಸದು ತಗೊಂಡವರು ಈ ಮಾತು ಕೇಳೇ ಇರ್ತೀರಿ. ಈ ಮಾತು ನಂಬಬೇಡಿ. ಕಾಪಿ ಆಗಿರಬಹುದು. ಆದ್ರೆ ಹೊಸ ಮಷೀನಲ್ಲಿ ತೆರೆಯೋಕೆ, ಓದೋಕೆ ಆಗದ ಫೈಲು ಕಾಪಿ ಆದ್ರೆಷ್ಟು, ಬಿಟ್ರೆಷ್ಟು?

ಈಗ್ಯಾಕೆ ಈ ವಿಷಯ ಅಂದ್ರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಚಿಪ್ ಬೇಕು, ಹಳೇ ಮಷೀನ್ ಎಷ್ಟೋ ಅದನ್ನ ದಾಟಲ್ಲ. ಹಂಗಾಗಿ ಮಂಡಿ, ಸೀರೆ ಅಂಗಡಿ, ಆಡಿಟರ್ ಆಫೀಸು, ಜೆರಾಕ್ಸ್ ಅಂಗಡಿ, ಎಲ್ಲಾ ಕಡೆ ಕಂಪ್ಯೂಟರ್ ಬದಲಾಯಿಸೋ ಮಾತು. ಬಿಕಾಂ ಓದ್ತಿರೋ ನಾವು ಇದನ್ನ ತಿಳ್ಕೊಳ್ದೇ ಇದ್ರೆ ಇನ್ಯಾರು ತಿಳ್ಕೋಬೇಕು?

2/8
ಮೊದಲ ಪಾಠ. ಫೈಲ್ ಬೇರೆ, ಪ್ರೋಗ್ರಾಂ ಬೇರೆ.

ಮೊಳಕಾಲ್ಮೂರಿನವರಿಗೆ ಇದನ್ನ ಹೇಳಿಕೊಡೋದೇ ಬೇಡ. ಜಕಾರ್ಡ್ ಮಗ್ಗ ನೋಡಿದೀರಲ್ಲ? ಸೀರೆಯ ಡಿಸೈನ್ ಇರೋದು ತೂತು ಹೊಡೆದ ರಟ್ಟಿನ ಕಾರ್ಡಲ್ಲಿ. ನೇಯೋದು ಮಗ್ಗ. ಹೊಸ ಮಗ್ಗಕ್ಕೆ ಹೋಗುವಾಗ ಕಾರ್ಡು ಕಟ್ಟಿಕೊಂಡು ಹೋಗ್ತೀರಿ. ಹೊಸ ಜಕಾರ್ಡಿನ ಹುಕ್ಕಿನ ಲೆಕ್ಕ ಬೇರೆ ಇದ್ರೆ ಅದೇ ಕಾರ್ಡು ಅಲ್ಲಿ ಕೂರಲ್ಲ.

ಫೈಲ್ ಅಂದ್ರೆ ಕಾರ್ಡು, ಪ್ರೋಗ್ರಾಂ ಅಂದ್ರೆ ಮಗ್ಗ. ಫೈಲನ್ನ ಕಾಪಿ ಮಾಡ್ಬೇಕು. ಪ್ರೋಗ್ರಾಮನ್ನ ಹೊಸದಾಗಿ ಇನ್‌ಸ್ಟಾಲ್ ಮಾಡ್ಬೇಕು. 'ಪ್ರೋಗ್ರಾಂ ಫೈಲ್ಸ್' ಫೋಲ್ಡರನ್ನೇ ಪೆನ್‌ಡ್ರೈವಿಗೆ ಎಳ್ಕೊಂಡ್ರೆ ಸಾಫ್ಟ್‌ವೇರ್ ಬಂದುಬಿಡಲ್ಲ. ಅದರ ಸೆಟ್ಟಿಂಗ್ಸ್ ವಿಂಡೋಸಿನ ರಿಜಿಸ್ಟ್ರಿಯಲ್ಲಿ ಇರ್ತಾವೆ, ಕೆಲವು ಫೈಲು ಬೇರೆ ಫೋಲ್ಡರಲ್ಲಿ ಇರ್ತಾವೆ, ಲೈಸೆನ್ಸ್ ಆ ಮಷೀನಿಗೇ ಗಂಟು ಬಿದ್ದಿರುತ್ತೆ.

3/8
ಈಗ ನಮ್ಮ ಸಬ್ಜೆಕ್ಟ್. ಟ್ಯಾಲಿ.

ನಾನು ಸಂಜೆ ಹೊತ್ತು ಲೆಕ್ಕ ಬರೆಯೋಕೆ ಹೋಗೋ ಒಂದು ಶೇಂಗಾ ಮಂಡಿಯಲ್ಲಿ ನಡೆದದ್ದು ಇದು. ಹೊಸ ಕಂಪ್ಯೂಟರ್ ಬಂತು. ಬಂದ ಟೆಕ್ನಿಷಿಯನ್ ಅಣ್ಣ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ಕಾಪಿ ಮಾಡ್ದ. ಟ್ಯಾಲಿ ಐಕಾನೂ ಬಂತು. ಆದ್ರೆ ಅದು ಬರೀ ಶಾರ್ಟ್‌ಕಟ್! ಬಾಗಿಲ ಮೇಲಿನ ಬೋರ್ಡ್ ಕಿತ್ಕೊಂಡು ಬಂದ್ರೆ ಮನೆ ಬರುತ್ತಾ? ನಿಜವಾದ ಡೇಟಾ ಇದ್ದದ್ದು ಡಿ ಡ್ರೈವಲ್ಲಿ, 10000, 10001 ಅಂತ ನಂಬರ್ ಹೆಸರಿನ ಫೋಲ್ಡರುಗಳಲ್ಲಿ. ಯಜಮಾನ್ರಿಗೆ ಗೊತ್ತಾಗೋ ಹೊತ್ತಿಗೆ ಹಳೇ ಮಷೀನು ಫಾರ್ಮ್ಯಾಟ್ ಆಗಿ ಎಕ್ಸ್‌ಚೇಂಜಿಗೆ ಹೋಗಿತ್ತು. ಮೂರು ವರ್ಷದ ಲೆಕ್ಕ! ಬಿಲ್ ಬುಕ್ ಹಿಡ್ಕೊಂಡು ಮತ್ತೆ ಒಂದೊಂದೇ ಎಂಟ್ರಿ ಹಾಕಿಸಿದ್ರು.

ಅದರ ಮೇಲೆ ಇನ್ನೊಂದು. ಟ್ಯಾಲಿ ಲೈಸೆನ್ಸನ್ನ ಹಳೇ ಮಷೀನಲ್ಲಿ ಸರೆಂಡರ್ ಮಾಡಿ ಹೊಸದರಲ್ಲಿ ಆ್ಯಕ್ಟಿವೇಟ್ ಮಾಡೋದು ನಿಯಮ. ಲೈಸೆನ್ಸ್ ಯಾರ ಇಮೇಲಲ್ಲಿತ್ತು? ಕೆಲಸ ಬಿಟ್ಟು ಹೋದವರದ್ದು. ದುಡ್ಡು ಕೊಟ್ಟೋರು ಯಜಮಾನ್ರು, ಕೀಲಿ ಇರೋದು ಬೇರೆಯವರ ಹತ್ರ!

ಟ್ಯಾಲಿ ಪ್ರೈಮಲ್ಲಿ ಆಲ್ಟ್ ವೈ ಒತ್ತಿದ್ರೆ ಬ್ಯಾಕಪ್, ರಿಸ್ಟೋರ್ ಎರಡೂ ಸಿಗ್ತಾವೆ. ಐದು ನಿಮಿಷದ ಕೆಲಸ. ಜರ್ನಲ್ ಎಂಟ್ರಿ ಬಾಯಿಪಾಠ ಮಾಡೋ ನಮ್ಮಲ್ಲಿ ಎಷ್ಟು ಜನ ಒಂದು ಸಲ ಆದ್ರೂ ಬ್ಯಾಕಪ್ ತಗೊಂಡು, ಇನ್ನೊಂದು ಕಂಪ್ಯೂಟರಲ್ಲಿ ರಿಸ್ಟೋರ್ ಮಾಡಿ ನೋಡಿದೀವಿ? ಕೈ ಎತ್ತಿ.

4/8
"ಹೋದ್ರೆ ಹೋಯ್ತು ಬಿಡೋ, ಹಳೇ ಲೆಕ್ಕ ಯಾರಿಗೆ ಬೇಕು" ಅನ್ನೋರಿಗೆ ಕಾನೂನೇ ಉತ್ತರ ಕೊಡುತ್ತೆ.

ಸಿಜಿಎಸ್‌ಟಿ ಕಾಯ್ದೆ 36ನೇ ಸೆಕ್ಷನ್ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸೋ ಕೊನೇ ದಿನದಿಂದ 72 ತಿಂಗಳು ಲೆಕ್ಕ ಇಟ್ಕೊಂಡಿರಬೇಕು. ಕಂಪನಿ ಆದ್ರೆ 2013ರ ಕಂಪನಿ ಕಾಯ್ದೆ 128ನೇ ಸೆಕ್ಷನ್ ಪ್ರಕಾರ 8 ಆರ್ಥಿಕ ವರ್ಷ. ಅಷ್ಟು ವರ್ಷ ಒಂದೇ ಕಂಪ್ಯೂಟರ್ ನಮ್ಮೂರ ಧೂಳು, ಬಿಸಿಲು, ಕರೆಂಟ್ ಹೋಗಿ ಬರೋದನ್ನ ತಡ್ಕೊಂಡು ನಿಲ್ಲುತ್ತಾ? ಲೆಕ್ಕದ ಆಯಸ್ಸು ಮಷೀನಿನ ಆಯಸ್ಸಿಗಿಂತ ಜಾಸ್ತಿ. ಹಂಗಾಗಿ ಡೇಟಾ ಸಾಗಿಸೋದು ಅಕೌಂಟೆಂಟ್ ಕೆಲಸದ ಭಾಗ. ಟೆಕ್ನಿಷಿಯನ್ ಮೇಲೆ ಹಾಕಿ ಕೈ ತೊಳ್ಕೊಳ್ಳೋ ಹಂಗಿಲ್ಲ.

5/8
ನನಗೆ ನಿಜವಾಗ್ಲೂ ಸಿಟ್ಟು ಬರೋ ವಿಷಯ ಈಗ. ನಮ್ಮ ಕನ್ನಡ.

ಹಳೇ ಮಷೀನಲ್ಲಿ ನುಡಿಯ ಹಳೇ ಫಾಂಟಲ್ಲಿ ಟೈಪ್ ಮಾಡಿದ ಫೈಲನ್ನ ಹೊಸ ಮಷೀನಲ್ಲಿ ತೆಗೆದು ನೋಡಿ. ಕನ್ನಡ ಇಲ್ಲ, ಇಂಗ್ಲಿಷ್ ಅಕ್ಷರಗಳ ಜಾತ್ರೆ! ಯಾಕಂದ್ರೆ ಆ ಫೈಲಲ್ಲಿ ಯಾವತ್ತೂ ಕನ್ನಡ ಇರ್ಲೇ ಇಲ್ಲ. 'ಕನ್ನಡ' ಅಂತ ಟೈಪ್ ಮಾಡಿದ್ರೆ ಒಳಗೆ ಸೇವ್ ಆಗಿರೋದು ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರೋ ಎ, ಆಮೇಲೆ ಬ್ರಿಟಿಷರ ಪೌಂಡ್ ಗುರುತು. ಹೌದು, ನಮ್ಮ 'ನ' ಅಲ್ಲಿ ಪೌಂಡ್! ಫಾಂಟ್ ಅನ್ನೋ ಮುಖವಾಡ ಹಾಕ್ಕೊಂಡು ಅದು ಕನ್ನಡದ ಥರ ಕಾಣ್ತಿತ್ತು, ಅಷ್ಟೇ. ಮುಖವಾಡ ಹೊಸ ಮಷೀನಿಗೆ ಬರ್ಲಿಲ್ಲ ಅಂದ್ರೆ ಬಣ್ಣ ಬಯಲು. ಕಂಟ್ರೋಲ್ ಎಫ್ ಒತ್ತಿ ಯೂನಿಕೋಡ್ ಕನ್ನಡದಲ್ಲಿ ಹುಡುಕಿದ್ರೂ ಸಿಗಲ್ಲ.

ಇದನ್ನ ಮಾಡಿದೋರನ್ನ ಬೈತಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವು ಇರ್ಲಿಲ್ಲ ಅಂದಿದ್ರೆ ಕಂಪ್ಯೂಟರಲ್ಲಿ ಕನ್ನಡ ಇಷ್ಟು ಬೇಗ ಊರೂರಿಗೆ ಬರ್ತಾ ಇರ್ಲಿಲ್ಲ. ಅವತ್ತಿಗೆ ಅದೇ ದಾರಿ. ಆದ್ರೆ ಯೂನಿಕೋಡಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಯೂನಿಕೋಡ್ ಕನ್ನಡ ಬರ್ತಿತ್ತು. ನಾನು ಹುಟ್ಟೋಕೆ ಮುಂಚೆ! ಇವತ್ತೂ ಪ್ರಾಜೆಕ್ಟ್ ರಿಪೋರ್ಟು, ಸಂಘದ ನಡಾವಳಿ, ಲಗ್ನಪತ್ರಿಕೆ ಹಳೇ ಫಾಂಟಲ್ಲೇ ಹೊಡೀತಾ ಇದ್ರೆ ಅದಕ್ಕೆ ಸೋಮಾರಿತನ ಅಂತಾರೆ.

6/8
ನೀವು ಹೇಳೋದೂ ಗೊತ್ತು.

"ಯೂನಿಕೋಡಲ್ಲಿ ಫಾಂಟ್ ಚೆಂದ ಇಲ್ಲ." ನೋಟೋ, ಬಾಲೂ ತಮ್ಮ, ನವಿಲು, ಗುಬ್ಬಿ, ಎಲ್ಲಾ ಪುಕ್ಕಟೆ. ಒಂದ್ಸಲ ಹಾಕಿ ನೋಡಿ.

"ಕೀಬೋರ್ಡ್ ಮತ್ತೆ ಕಲೀಬೇಕು." ಬೇಡ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಐತೆ, ಬೆರಳು ಅದೇ ಜಾಗದಲ್ಲಿ ಓಡ್ತಾವೆ.

"ಪೇಜ್‌ಮೇಕರಲ್ಲಿ ಯೂನಿಕೋಡ್ ಬರಲ್ಲ." ನಿಜ. ಡಿಟಿಪಿ ಅಣ್ಣಂದಿರ ಈ ಕಷ್ಟ ಒಪ್ತೀನಿ. ಆದ್ರೆ ಪೇಜ್‌ಮೇಕರ್ 7ರ ನಂತರ ಅಡೋಬಿಯವರೇ ಅದನ್ನ ಮುಂದುವರಿಸ್ಲಿಲ್ಲ. ಮಾಡಿದೋರೇ ಕೈಬಿಟ್ಟ ಬಂಡಿಗೆ ನಾವು ಇನ್ನೂ ಮೂಟೆ ಹೇರ್ತಾ ಇದ್ರೆ ಹೆಂಗೆ?

"ಗೂಗಲ್ ಡ್ರೈವಲ್ಲಿ ಹಾಕಿದೀನಿ ಬಿಡಮ್ಮ." ಹಾಕು, ಒಳ್ಳೇದು. 15 ಜಿಬಿ ಪುಕ್ಕಟೆ. ಆದ್ರೆ ಡ್ರೈವು ಫೈಲನ್ನ ಕಾಯುತ್ತೆ, ಹಳೇ ಫಾಂಟಿನ ಅಕ್ಷರಾನ ಕನ್ನಡ ಮಾಡಿಕೊಡಲ್ಲ.

7/8
ಇದೇ ಪಾಠ ನಮ್ಮ ತಾಲ್ಲೂಕಿನ ಬಂಡೆ ಮೇಲೇ ಐತೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನ ಇದಾವೆ. ಕ್ರಿ.ಪೂ. 3ನೇ ಶತಮಾನದ್ದು, ಬ್ರಾಹ್ಮಿ ಲಿಪಿ. ಬಂಡೆ ಎಲ್ಲೂ ಹೋಗಿರ್ಲಿಲ್ಲ, ಅಕ್ಷರ ಅಲ್ಲೇ ಇತ್ತು. ಆದ್ರೆ ಶತಮಾನಗಟ್ಟಲೆ ಆ ಲಿಪಿ ಓದೋರೇ ಇರ್ಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನ ಬಿಡಿಸಿದ ಮೇಲೆ, 1892ರಲ್ಲಿ ಬಿ.ಎಲ್. ರೈಸ್ ಈ ಶಾಸನಗಳನ್ನ ಪತ್ತೆ ಹಚ್ಚಿದಾಗ ಮತ್ತೆ ಅರ್ಥ ಬಂತು.

ಫೈಲ್ ಇತ್ತು, ಓದೋ ಕೀಲಿ ಕಳೆದುಹೋಗಿತ್ತು. ಬಂಡೆಗಾದ್ರೂ ಕಾಯೋಷ್ಟು ಆಯಸ್ಸಿತ್ತು. ನಮ್ಮ ಹಾರ್ಡ್ ಡಿಸ್ಕಿಗೆ ಅಷ್ಟು ಐತಾ?

8/8
ಹಂಗಾಗಿ ಮಾಡ್ಬೇಕಾದ್ದು ಇಷ್ಟು. ಸೇವ್ ಮಾಡ್ಕೊಳ್ಳಿ.

• ಹೊಸ ಮಷೀನ್ ಬಂದ ದಿನವೇ ಹಳೇದನ್ನ ಫಾರ್ಮ್ಯಾಟ್ ಮಾಡಿಸಬೇಡಿ. ಒಂದು ತಿಂಗಳು ಪಕ್ಕದಲ್ಲೇ ಇರ್ಲಿ.
• ಸಿ ಡ್ರೈವ್ ಅಷ್ಟೇ ಅಲ್ಲ, ಡಿ, ಇ ಎಲ್ಲಾ ನೋಡಿ. ಬ್ರೌಸರಲ್ಲಿರೋ ಪಾಸ್‌ವರ್ಡು, ಬುಕ್‌ಮಾರ್ಕೂ ಮರೀಬೇಡಿ.
• ಯಾವ ಪ್ರೋಗ್ರಾಂ, ಯಾವ ಲೈಸೆನ್ಸ್, ಯಾರ ಇಮೇಲು, ಒಂದು ಹಾಳೇಲಿ ಬರೆದಿಡಿ.
• ಪೆನ್‌ಡ್ರೈವ್ ಫ್ಯಾಟ್ 32 ಇದ್ರೆ 4 ಜಿಬಿಗಿಂತ ದೊಡ್ಡ ಫೈಲು ಹತ್ತಲ್ಲ. ಎಕ್ಸ್‌ಫ್ಯಾಟ್ ಮಾಡ್ಕೊಳ್ಳಿ. ಹಂಗೆ ಮಾಡಿದ್ರೆ ಅದರಲ್ಲಿರೋದೆಲ್ಲ ಅಳಿಸಿ ಹೋಗುತ್ತೆ, ಮೊದ್ಲು ಬೇರೆ ಕಡೆ ತೆಗೆದಿಡಿ.
• ಹಳೇ ನುಡಿ ಫೈಲನ್ನ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿ. ಒತ್ತು, ಅರ್ಕಾವತ್ತು ಒಂದ್ಸಲ ಕಣ್ಣಾಡಿಸಿ. ಮೂಲ ಫೈಲನ್ನೂ ಇಟ್ಕೊಳ್ಳಿ.
• ಕೊನೇದಾಗಿ, ಹಳೇ ಮಷೀನ್ ಆಫ್ ಮಾಡಿ. ಹೊಸದರಲ್ಲಿ ಒಂದು ವಾರ ಕೆಲಸ ಮಾಡಿ. ಹಳೇದು ಬೇಕು ಅನಿಸ್ಲಿಲ್ಲ ಅಂದ್ರೆ ಮಾತ್ರ ಕೆಲಸ ಮುಗೀತು ಅನ್ನಿ.

ಟೆಕ್ನಿಷಿಯನ್ "ಎಲ್ಲಾ ಆಯ್ತು" ಅಂದಾಗ "ತೆಗೆದು ತೋರ್ಸಣ್ಣ" ಅನ್ನಿ. ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಿ. ದುಡ್ಡು ನಿಮ್ದು, ಲೆಕ್ಕ ನಿಮ್ದು, ಕನ್ನಡ ನಮ್ಮೆಲ್ರದ್ದು.

ನಿಮ್ಮ ಅಂಗಡಿಲಿ, ಮನೇಲಿ ಹಿಂಗೆ ಹೋದದ್ದು ಏನಾದ್ರೂ ಐತಾ? ಕಮೆಂಟಲ್ಲಿ ಹಾಕಿ. ಇನ್ನೂ ಹಳೇ ಫಾಂಟಲ್ಲೇ ಪ್ರಾಜೆಕ್ಟ್ ಹೊಡೀತಿರೋ ಫ್ರೆಂಡನ್ನ ಟ್ಯಾಗ್ ಮಾಡಿ. ಅವರಿಗೇ ಗೊತ್ತು ಅವರ್ಯಾರು ಅಂತ 😌

#ಚಳ್ಳಕೆರೆ #ಮೊಳಕಾಲ್ಮೂರು #ಬಿಕಾಂಹುಡುಗೀರು #ಟ್ಯಾಲಿ #ಯೂನಿಕೋಡ್‌ಕನ್ನಡ #ತೆಗೆದುತೋರ್ಸಣ್ಣ