‘ನಿಮ್ಮ ವಿಶ್ವಾಸ ಸಾಲದು’ ಎನ್ನುವವರಿಗೆ



ಮಳೆಗಾಲ ಶುರುವಾದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಚಿತ್ರಗಳು ಸುರಿಯತೊಡಗುತ್ತವೆ. ಅಬ್ಬರದ ಕಡಲು, ನಡುವೆ ಪುಟ್ಟ ದೋಣಿ, ಕೆಳಗೊಂದು ಬರಹ: ವಿಶ್ವಾಸವಿದ್ದವನಿಗೆ ಬಿರುಗಾಳಿ ತಾಗದು, ಹತ್ತು ಜನರಿಗೆ ಕಳುಹಿಸಿ. ಚಿತ್ರ ಚೆನ್ನಾಗಿರುತ್ತದೆ. ಮಾತು ಮಾತ್ರ ಸುಳ್ಳು. ಹೋಗಲಿ ಬಿಡಿ ಎನ್ನುವ ಹಾಗೂ ಇಲ್ಲ, ಏಕೆಂದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ತಾಗಿದೆ ಎಂದಾದರೆ ನಿಮ್ಮ ವಿಶ್ವಾಸ ಸಾಲದು. ಕಾಯಿಲೆ ಬಿದ್ದವರ ಮನೆಗೆ ಹೋಗಿ, ಅವರ ಮಂಚದ ಪಕ್ಕದಲ್ಲೇ ಕುಳಿತು ಇದನ್ನು ಹೇಳುವವರನ್ನು ನಾವು ನೋಡಿದ್ದೇವೆ. ಅದನ್ನು ಕೇಳಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟವರನ್ನೂ ನೋಡಿದ್ದೇವೆ.

ಮಾರ್ಕನ ಶುಭಸಂದೇಶದ ನಾಲ್ಕನೇ ಅಧ್ಯಾಯ ತೆಗೆದು ನೋಡಿ. ಆಚೆ ದಡಕ್ಕೆ ಹೋಗೋಣ ಎಂದವರು ಸ್ವತಃ ಯೇಸು. ಶಿಷ್ಯರು ಅವರ ಮಾತು ಕೇಳಿಯೇ ದೋಣಿ ಹತ್ತಿದ್ದು. ಆದರೂ ಗಾಳಿ ಎದ್ದಿತು, ಯೇಸು ಮಲಗಿದ್ದ ದೋಣಿಗೇ ನೀರು ನುಗ್ಗಿತು. ಗಲಿಲೇಯ ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. ಸುತ್ತಲಿನ ಗುಡ್ಡಗಳಿಂದ ತಂಪು ಗಾಳಿ ಇಳಿದು ಬಂದರೆ ಅಲ್ಲಿ ಇದ್ದಕ್ಕಿದ್ದಂತೆ ಬಿರುಗಾಳಿ ಏಳುತ್ತದೆ. ದೋಣಿಯಲ್ಲಿ ಯಾರಿದ್ದಾರೆಂದು ಅದು ಕೇಳುವುದಿಲ್ಲ. ಯೇಸು ಶಿಷ್ಯರ ವಿಶ್ವಾಸವನ್ನು ಪ್ರಶ್ನಿಸಿದರು, ನಿಜ. ಆದರೆ ಮಾರ್ಕನ ಪ್ರಕಾರ, ಗಾಳಿಯನ್ನು ಗದರಿಸಿ ಸುಮ್ಮನಾಗಿಸಿದ ಮೇಲೆ. ಮತ್ತಾಯನಲ್ಲಿ ಕ್ರಮ ಬೇರೆ ಎಂದು ಯಾರಾದರೂ ಹೇಳಿಯಾರು. ಅಲ್ಲಿಯೂ ಪ್ರಶ್ನೆ ಕೇಳಿ ಅವರು ಮತ್ತೆ ಮಲಗಲಿಲ್ಲ, ಎದ್ದು ಕಾಪಾಡಿದರು. ನಮ್ಮಲ್ಲಿ ಕೆಲವರಿಗೆ ಕಾಪಾಡುವ ಕೆಲಸ ಬೇಡ, ಪ್ರಶ್ನೆ ಮಾತ್ರ ಬೇಕು.

ಈ ಮಾತು ಎಷ್ಟು ಕ್ರೂರ ಎಂಬುದು ಕಾಸರಗೋಡಿನವರಾದ ನಮಗೆ ಗೊತ್ತಿಲ್ಲದಿದ್ದರೆ ಇನ್ನಾರಿಗೆ ಗೊತ್ತಿರಬೇಕು? ಎಣ್ಮಕಜೆ ಕಡೆಯ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದಾಗ ಊರು ಹೇಳಿದ್ದೇನು? ಶಾಪ, ದೈವದ ಮುನಿಸು, ಹಿಂದಿನ ಪಾಪ. ತಲೆ ಎತ್ತಲಾರದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಗೆ ಈ ಮಾತು ಕೂಡಾ! ಒಂದೇ ಊರಲ್ಲಿ ಇಷ್ಟೊಂದು ಕಾಯಿಲೆ ಏಕೆ ಎಂದು ಕೇಳಿದವರು ಪಡ್ರೆಯ ವೈದ್ಯ ಮೋಹನ ಕುಮಾರ್, ಬರೆದವರು ಪತ್ರಕರ್ತ ಶ್ರೀಪಡ್ರೆ. ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿದ್ದು 2011ರಲ್ಲಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದದ್ದು 2017ರಲ್ಲಿ. ಅಷ್ಟು ವರ್ಷ ಆ ತಾಯಂದಿರು ಮಗುವಿನ ಭಾರದ ಜತೆಗೆ ಊರು ಹೊರಿಸಿದ ಪಾಪವನ್ನೂ ಹೊತ್ತರು.

ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಕೇಳಿದಾಗ ಯೇಸು ಇಬ್ಬರೂ ಅಲ್ಲ ಎಂದರು. ಯೊವಾನ್ನನ ಶುಭಸಂದೇಶ, ಒಂಬತ್ತನೇ ಅಧ್ಯಾಯ. ಚಿತ್ರ ಕಳುಹಿಸುವ ಮೊದಲು ಇದನ್ನೊಮ್ಮೆ ಓದಬಾರದೇ?

ಹಾಗಾದರೆ ದೇವರ ಶಕ್ತಿಯಲ್ಲಿ ಭರವಸೆ ಬೇಡವೇ ಎಂದು ಹಿರಿಯರು ನಮ್ಮನ್ನು ಗದರಿಸಬಹುದು. ಬೇಕು. ಆದರೆ ಪೌಲರಿಗಿದ್ದಂಥ ಭರವಸೆ ಬೇಕು. ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯದಲ್ಲಿ 276 ಮಂದಿಯ ಹಡಗು ಎರಡು ವಾರ ಗಾಳಿಗೆ ಸಿಕ್ಕಿತು. ಯಾರ ಪ್ರಾಣವೂ ಹೋಗದು ಎಂಬ ದೇವರ ಮಾತು ಪೌಲರ ಕೈಯಲ್ಲಿತ್ತು. ಹಾಗಂತ ಅವರು ಕೈಕಟ್ಟಿ ಕುಳಿತರೇ? ನಾವಿಕರು ನೀರಿನ ಆಳ ಅಳೆದರು, 20 ಮಾರು, ಮುಂದೆ 15 ಮಾರು. ಬಂಡೆಗೆ ಬಡಿಯಬಾರದೆಂದು ನಾಲ್ಕು ಲಂಗರು ಇಳಿಸಿದರು. ಅದೇ ನಾವಿಕರು ಕಳ್ಳತನದಿಂದ ದೋಣಿ ಇಳಿಸಿ ಓಡಹೊರಟಾಗ, ಇವರು ಹೋದರೆ ನೀವು ಉಳಿಯುವುದಿಲ್ಲ ಎಂದು ಸೈನಿಕರನ್ನು ಎಚ್ಚರಿಸಿದವರು ಪೌಲರೇ. ಬೆಳಗಾಗುವಾಗ ಎಲ್ಲರಿಗೂ ಊಟ ಮಾಡಿ ಎಂದರು, ದೇವರಿಗೆ ಕೃತಜ್ಞತೆ ಸಲ್ಲಿಸಿ ತಾವೇ ಮೊದಲು ರೊಟ್ಟಿ ಮುರಿದು ತಿಂದರು. ನಿಮ್ಮ ವಿಶ್ವಾಸ ಸಾಲದು ಎಂದು ಆ 276 ಮಂದಿಯಲ್ಲಿ ಒಬ್ಬರಿಗೂ ಹೇಳಲಿಲ್ಲ. (ದಡ ಸೇರಿದ ಮೇಲೆ ಪೌಲರ ಕೈಗೆ ಹಾವು ಕಚ್ಚಿದಾಗ ಮಾಲ್ಟಾದವರು ಇವನು ಕೊಲೆಗಾರನೇ ಇರಬೇಕು ಎಂದರಂತೆ. ವಾಟ್ಸಾಪ್ ಇಲ್ಲದ ಕಾಲದಲ್ಲೂ ಈ ಬುದ್ಧಿ ಇತ್ತು!)

ರೆಡ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 204 ಮಿಲಿಮೀಟರಿಗಿಂತ ಹೆಚ್ಚು ಮಳೆ ಬರಬಹುದು ಎಂದರ್ಥ. ಆ ದಿನ ಜಪಸರ ಹೇಳೋಣ, ಹೊಳೆಬದಿಯ ಮನೆಯವರನ್ನು ಎಬ್ಬಿಸಿಕೊಂಡೂ ಬರೋಣ. ಬರುವ ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಯುವಜನರು ಹಾಲ್‌ನಲ್ಲಿ ಕೂಡುತ್ತೇವೆ. ಒಂಟಿಯಾಗಿರುವ ಅಜ್ಜ ಅಜ್ಜಿಯರು, ಹಾಸಿಗೆ ಹಿಡಿದವರು, ಹೊಳೆಯ ಪಕ್ಕದ ಮನೆಗಳು, ಎಲ್ಲವನ್ನೂ ವಾಳೆಯ ಗುರಿಕಾರರು ಬರೆದು ತರಬೇಕು. ಜೀಪು, ರಿಕ್ಷಾ ಇರುವವರು ಫೋನ್ ನಂಬರ್ ಕೊಡಿ. ಚಿತ್ರ ಕಳುಹಿಸುವವರೂ ಬನ್ನಿ, ಟಾರ್ಚ್ ಹಿಡಿಯಲು ಜನ ಕಡಿಮೆ ಇದ್ದಾರೆ.